ಎರೆಮಣ್ಣಿನ ಊರಿಗೆ ಯಾವ ಸೈಕಲ್ಲು?

'ಹೈಬ್ರಿಡ್' ಎಂಬ ಮಾತು ಧಾರವಾಡದವರಿಗೆ ಹೊಸದಲ್ಲ. ಇಲ್ಲಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ಸಂಕರ ತಳಿಯನ್ನು ಹೊರತಂದದ್ದು 1972ರಲ್ಲಿ. ಆ ಹತ್ತಿ ನಾಡಿನ ಆಚೆಗೂ ಹೆಸರು ಮಾಡಿತು; ಅದರೊಡನೆ 'ಹೈಬ್ರಿಡ್' ಎಂಬ ಮಾತೂ ಸುತ್ತಲಿನ ರೈತರ ನಾಲಗೆಯ ಮೇಲೆ ಕುಳಿತಿತು. ಅದಕ್ಕೆ ಎದುರುಮಾತು 'ಜವಾರಿ'. ಸಂತೆಯಲ್ಲಿ ಸೌತೆಕಾಯಿ ಕೊಳ್ಳುವ ಗೃಹಿಣಿ ಬೆಲೆ ಕೇಳುವುದಕ್ಕೆ ಮೊದಲು ಕೇಳುವುದು "ಜವಾರಿ ಅದನಬೇ?" ಎಂದು. ಇಳುವರಿಗೆ ಹೈಬ್ರಿಡ್, ರುಚಿಗೆ ಜವಾರಿ ಎಂದು ಊರು ಎಂದೋ ತೀರ್ಮಾನ ಮಾಡಿಬಿಟ್ಟಿದೆ. ಈಗ ಅದೇ ಮಾತು ಸೈಕಲ್ ಅಂಗಡಿಗೂ ಬಂದು ನಿಂತಿದೆ; ಅಲ್ಲಿ ಮಾತ್ರ ಜನ ತುಸು ತಬ್ಬಿಬ್ಬಾಗುತ್ತಾರೆ.

ಮುಂಗಾರಿನ ಮೋಡ ಕವಿಯುವ ಹೊತ್ತಿಗೆ, ಎಂದರೆ ಶಾಲೆ ಕಾಲೇಜುಗಳು ಬಾಗಿಲು ತೆರೆಯುವ ದಿನಗಳಲ್ಲಿ, ಹುಬ್ಬಳ್ಳಿ-ಧಾರವಾಡಗಳ ಎಷ್ಟೋ ಮನೆಗಳಲ್ಲಿ ಸೈಕಲ್ಲಿನ ಮಾತು ಏಳುತ್ತದೆ. ಹತ್ತನೆಯ ಇಯತ್ತೆ ದಾಟಿದ ಹುಡುಗ, ಕಾಲೇಜಿನ ಮೆಟ್ಟಿಲು ಹತ್ತಲಿರುವ ಹುಡುಗಿ, ದಿನವೂ ಮೈ ದಣಿಸಬೇಕೆಂದು ವೈದ್ಯರಿಂದ ಹೇಳಿಸಿಕೊಂಡು ಬಂದ ಬ್ಯಾಂಕಿನ ಅಧಿಕಾರಿ, ಇವರೆಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ಹೈಬ್ರಿಡ್ ಕೊಳ್ಳಬೇಕೋ, ಮೌಂಟೇನ್ ಬೈಕ್ ಕೊಳ್ಳಬೇಕೋ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ತಿಂಗಳ ಸಂಬಳದಲ್ಲಿ ನಡೆಯುವ ಸಂಸಾರಕ್ಕೆ ಹತ್ತು ಹದಿನೈದು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಮೇಲಾಗಿ ಆಯ್ಕೆ ತಪ್ಪಿದರೆ ಹೋಗುವುದು ಹಣವಷ್ಟೇ ಅಲ್ಲ. ಎರಡು ತಿಂಗಳು ತುಳಿದು, ತೊಡೆ ನೊಂದು, ಸೈಕಲ್ ಸವಾರಿ ಎಂದರೆ ಇಷ್ಟೇ ಎಂದು ಬೇಸತ್ತು, ಹುಡುಗ ಅದನ್ನು ಮೆಟ್ಟಿಲ ಕೆಳಗೆ ಸರಿಸಿ ಸ್ಕೂಟರಿಗಾಗಿ ಹಟ ಹಿಡಿಯುತ್ತಾನೆ. ಹದಿನೆಂಟು ತುಂಬದ ಹುಡುಗನ ಕೈಗೆ ಸ್ಕೂಟರು ಸಿಕ್ಕುವುದೆಂದರೆ ಏನೆಂಬುದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ತಲೆಮಾರುಗಳ ಕಾಲ ಇಂಥ ಪ್ರಶ್ನೆಯೇ ಈ ಊರುಗಳಲ್ಲಿ ಇರಲಿಲ್ಲ. ಸೈಕಲ್ಲೆಂದರೆ ಜವಾರಿ ಸೈಕಲ್ಲು: ಕಪ್ಪು ಬಣ್ಣ, 28 ಇಂಚಿನ ಗಾಲಿ, ಕಬ್ಬಿಣದ ಸರಳುಗಳಿಂದ ಎಳೆಯುವ ಬ್ರೇಕು, ಚೈನಿಗೆ ಮುಚ್ಚಳ, ಹಿಂದೆ ಚೀಲ ಹೊರುವ ಕ್ಯಾರಿಯರು. ಮದ್ರಾಸಿನ ಅಂಬತ್ತೂರಿನಲ್ಲಿ ಟಿ. ಐ. ಸೈಕಲ್ಸ್ ಹುಟ್ಟಿದ್ದು 1949ರಲ್ಲಿ, ಸೋನೀಪತದ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೊ 1956ರಲ್ಲಿ. ಹೆಸರು ಬೇರೆಯಾದರೂ ರೂಪ ಒಂದೇ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಹೋಗುವ ಕಾರ್ಮಿಕನೂ ಧಾರವಾಡದ ಕರ್ನಾಟಕ ಕಾಲೇಜಿಗೆ ಹೋಗುವ ಅಧ್ಯಾಪಕರೂ ತುಳಿದದ್ದು ಅದನ್ನೇ. ಹುಡುಗರು ತಾಸಿನ ಬಾಡಿಗೆಗೆ ತಂದು, ಸೀಟಿನ ಮೇಲೆ ಕುಳಿತರೆ ಕಾಲು ನಿಲುಕದೆ, ನಡುವಿನ ನಳಿಗೆಯ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲಿನಲ್ಲಿ ಕಲಿತದ್ದೂ ಅದರ ಮೇಲೆಯೇ. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚತೊಡಗಿದಾಗ ಕೊಟ್ಟದ್ದೂ ಬಹುಮಟ್ಟಿಗೆ ಆ ವಂಶದ್ದೇ. ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ.

ಮೌಂಟೇನ್ ಬೈಕ್ ಹುಟ್ಟಿದ್ದು ಒಂದು ಹುಡುಗಾಟದಿಂದ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ, ಟ್ಯಾಮಲ್‌ಪಾಯಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ಮೂವತ್ತು ನಲವತ್ತು ವರ್ಷ ಹಳೆಯದಾದ, ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ ತಂದು ಆ ಬೆಟ್ಟದ ಮಣ್ಣುದಾರಿಗಳಲ್ಲಿ ಕೆಳಮುಖವಾಗಿ ಬಿಡುತ್ತಿದ್ದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಹಳೆಯ ಬಗೆಯ ಬ್ರೇಕು. ಒಂದು ಇಳಿಜಾರು ಮುಗಿಯುವುದರೊಳಗೆ ಅದು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದವನು ಹಬ್ಬು ಬಿಚ್ಚಿ ಮತ್ತೆ ಗ್ರೀಸು ತುಂಬದೆ ಮುಂದಿನ ಸವಾರಿ ಇಲ್ಲ. ಹೀಗೆ ಮರಳಿ ತುಂಬುವುದಕ್ಕೆ ಅವರ ಮಾತಿನಲ್ಲಿ 'ರೀಪ್ಯಾಕ್' ಎನ್ನುತ್ತಾರೆ; 1976ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೂ ಅದೇ ಹೆಸರಾಯಿತು. ಮರುವರ್ಷ, 1977ರಲ್ಲಿ, ಜೋ ಬ್ರೀಜ್ ಎಂಬವರು ಈ ಆಟಕ್ಕೆಂದೇ ಹೊಸ ಫ್ರೇಮು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಇಂಥ ಸೈಕಲ್ಲುಗಳನ್ನು ಮಾರತೊಡಗಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಬೆಟ್ಟದ ಹುಡುಗಾಟ ಪದಕದ ಆಟವಾಗಿತ್ತು.

ಈ ಕಥೆಯಲ್ಲಿ ಗ್ರಾಹಕರು ಗಮನಿಸಬೇಕಾದ ಒಂದು ಅಂಶ ಇದೆ. ಮೌಂಟೇನ್ ಬೈಕ್ ಎಂದರೆ ಗುಡ್ಡ ಹತ್ತುವುದಕ್ಕೆ ಮಾಡಿದ ಸೈಕಲ್ಲೆಂದು ಬಹಳ ಮಂದಿ ತಿಳಿದಿದ್ದಾರೆ. ಹುಟ್ಟಿನಿಂದ ಅದು ಗುಡ್ಡ ಇಳಿಯುವ ಸೈಕಲ್ಲು. ಸಡಿಲ ಮಣ್ಣನ್ನು ಕಚ್ಚಲೆಂದು ಟೈರಿಗೆ ಗುಬಟುಗಳು. ಕಲ್ಲಿನ ಮೇಲೆ ಪುಟಿಯುವ ಮುಂಗಾಲಿ ನೆಲ ಬಿಡದಿರಲೆಂದು ಕವೆಯೊಳಗೆ ಸ್ಪ್ರಿಂಗು. ವೇಗದಲ್ಲಿ ತಿರುವು ತಪ್ಪದಿರಲೆಂದು ಅಗಲವಾದ ಹ್ಯಾಂಡಲು. ಒಂದೊಂದು ಅಂಗಕ್ಕೂ ಒಂದೊಂದು ಕಾರಣ ಉಂಟು, ಆ ಕಾರಣಗಳೆಲ್ಲ ಟ್ಯಾಮಲ್‌ಪಾಯಸ್ ಬೆಟ್ಟದಲ್ಲಿ ಇವೆ. ಈ ದೇಶದಲ್ಲಿ 1990ರ ದಶಕದಿಂದ ಆ ರೂಪದ ಸೈಕಲ್ಲುಗಳು ಮನೆಮನೆಗೆ ಬಂದವು. ಒಂದು ಮಾದರಿಯ ಹೆಸರೇ ಜಾತಿಯ ಹೆಸರಾಗಿ ಜನ ಅವನ್ನು 'ರೇಂಜರ್ ಸೈಕಲ್' ಎಂದರು.

ಹೈಬ್ರಿಡ್ಡಿಗೆ ಇಂಥ ರಂಜಕವಾದ ಜಾತಕವಿಲ್ಲ. ಪಂದ್ಯದ ಸೈಕಲ್ಲಿನ ದೊಡ್ಡ ಹಗುರ ಗಾಲಿ, ಬೆಟ್ಟದ ಸೈಕಲ್ಲಿನ ನೆಟ್ಟನೆಯ ಹ್ಯಾಂಡಲು ಮತ್ತು ಹಲವು ಗೇರು, ಇವನ್ನು ಒಂದೇ ಫ್ರೇಮಿಗೆ ಕೂಡಿಸಿದರೆ ಕಚೇರಿಗೆ ಹೋಗುವವನಿಗೆ ಅನುಕೂಲವಾದೀತೆಂದು 1980ರ ದಶಕದ ಕೊನೆಯಲ್ಲಿ ಕಾರಖಾನೆಗಳಿಗೆ ಹೊಳೆಯಿತು. ಅಷ್ಟೆ.

ಇನ್ನು ಅಂಗಡಿಯ ಒಳಗೆ ನಡೆಯುವುದನ್ನು ನೋಡಬಹುದು. ಹೈಬ್ರಿಡ್ ಒಂದು ಮೂಲೆಯಲ್ಲಿ ಬೂದು ಬಣ್ಣ ಹೊದ್ದು ಸಂಕೋಚದಿಂದ ನಿಂತಿರುತ್ತದೆ. ಬಾಗಿಲಲ್ಲಿ, ಬಿಸಿಲಿಗೆ ಮಿಂಚುವಂತೆ, ಕಿತ್ತಳೆ ಬಣ್ಣದ ಮೌಂಟೇನ್ ಬೈಕು. ಹಿಂದೆ ಮುಂದೆ ಸ್ಪ್ರಿಂಗು, ಗಾಲಿಗೊಂದು ತಟ್ಟೆಯ ಬ್ರೇಕು.

"ಯಾವ್ದು ಛಲೋರಿ?" ಎಂದು ತಂದೆ ಕೇಳುತ್ತಾರೆ.

"ಎರಡೂ ಛಲೋನ ಅವರಿ ಸರ. ಹುಡುಗಗ ಯಾವ್ದು ಮನಸಿಗೆ ಬರ್ತದ ನೋಡ್ರಿ," ಎನ್ನುತ್ತಾರೆ ಅಂಗಡಿಯವರು. ವ್ಯಾಪಾರ ಬಲ್ಲವರ ಉತ್ತರ.

ಹುಡುಗನ ಮನಸ್ಸಿಗೆ ಯಾವುದು ಬಂದಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಅವನೂ ಜಾಣ, ಬಣ್ಣದ ಮಾತು ಆಡುವುದಿಲ್ಲ. "ಪಪ್ಪಾ, ನಮ್ಮ ಊರಾಗಿನ ರಸ್ತೆ ನೋಡೀರಲ್ಲ. ಬರೇ ತಗ್ಗು. ಇದಕ್ಕ ಸಸ್ಪೆನ್ಶನ್ ಅದ," ಎನ್ನುತ್ತಾನೆ. ಊರಿನ ರಸ್ತೆಯನ್ನು ಸಾಕ್ಷಿಗೆ ಕರೆದ ಮೇಲೆ ತಂದೆ ಮರುಮಾತಾಡುವುದು ಕಷ್ಟ.

ಆದರೆ ಆ ಸಾಕ್ಷಿಯನ್ನು ಸ್ವಲ್ಪ ವಿಚಾರಿಸಿಯೇ ನೋಡಬೇಕು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಿಂದ ಧಾರವಾಡದ ಜ್ಯುಬಿಲಿ ಸರ್ಕಲ್ಲಿಗೆ ಸುಮಾರು 20 ಕಿಲೋಮೀಟರು. 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರಪಾಲಿಕೆಗೆ ಸೇರಿಸಿದರೂ ನಡುವಿನ ದಾರಿಯೇನೂ ಕುಗ್ಗಲಿಲ್ಲ. ಹೊಸೂರು, ವಿದ್ಯಾನಗರ, ಉಣಕಲ್ ಕೆರೆ, ನವನಗರ, ರಾಯಾಪುರ, ಸತ್ತೂರು, ಪೇರಲ ಹಣ್ಣಿನ ನವಲೂರು, ಹೀಗೆ ಸಾಗುವ ಆ ದಾರಿ ಡಾಂಬರಿನದು, ಅಗಲವಾದದ್ದು. 2018ರಲ್ಲಿ 'ಚಿಗರಿ' ಬಸ್ಸುಗಳು ಓಡತೊಡಗಿದಾಗ ರಸ್ತೆಯ ನಡುವಿನ ಪಥಗಳನ್ನು ಅವಕ್ಕೆ ಮೀಸಲಿಟ್ಟರು. ಸೈಕಲ್ಲಿನವನು ಅಂಚಿನಲ್ಲಿ ಕಾರು, ಆಟೋ, ಲಾರಿಗಳ ಜೊತೆ ಸಾಗಬೇಕಾಯಿತು. ಪ್ರತಿದಿನ ಪೂರ್ತಿ ಇಪ್ಪತ್ತು ಕಿಲೋಮೀಟರು ತುಳಿಯುವವರು ಕಡಿಮೆ. ನವನಗರದಿಂದ ವಿದ್ಯಾನಗರದ ಕಾಲೇಜಿಗೆ, ಮಾಳಮಡ್ಡಿಯಿಂದ ಸಪ್ತಾಪುರದ ಕೋಚಿಂಗ್ ಕ್ಲಾಸಿಗೆ, ಗೋಕುಲ ರಸ್ತೆಯಿಂದ ಹಳೆಯ ಹುಬ್ಬಳ್ಳಿಗೆ, ಇಂಥ ಓಡಾಟವೇ ಹೆಚ್ಚು. ಅಡ್ಡರಸ್ತೆಗಳಲ್ಲಿ ತಗ್ಗುಗಳಿವೆ, ಕೊಳವೆಗಾಗಿ ಅಗೆದು ಅರೆಬರೆ ಮುಚ್ಚಿದ ಸಾಲುಗಳಿವೆ, ಕಣ್ಣಿಗೆ ಕಾಣದ ಉಬ್ಬುಗಳಿವೆ. ಆದರೂ ಗಾಲಿ ಉರುಳುವ ನೂರು ಮಾರಿನಲ್ಲಿ ತೊಂಬತ್ತು ಮಾರು ಗಟ್ಟಿ ನೆಲವೇ.

ಗಟ್ಟಿ ನೆಲದ ಮೇಲೆ ಗುಬಟಿನ ಟೈರು ಏನು ಮಾಡುತ್ತದೆ? ಗುಂಯ್ ಎಂದು ಸದ್ದು ಮಾಡುತ್ತದೆ. ಹುಡುಗರಿಗೆ ಆ ಸದ್ದು ಇಷ್ಟ. ಮೋಟಾರಿನ ಸದ್ದಿನಂತೆ ಕೇಳಿಸುತ್ತದೆಯಲ್ಲ! ಡಾಂಬರಿನ ಮೇಲೆ ಒಂದೊಂದು ಗುಬಟೂ ಒತ್ತಿ ಬಾಗಿ ಮತ್ತೆ ಏಳುವಾಗ ತುಳಿಯುವವನ ಶಕ್ತಿ ಸೋರಿಹೋಗುವ ಸದ್ದು ಅದು. ಮೌಂಟೇನ್ ಬೈಕಿನ ಟೈರಿಗೆ 35 ಪೌಂಡಿನ ಆಸುಪಾಸು ಗಾಳಿ. ಹೈಬ್ರಿಡ್ಡಿನ ನುಣುಪು ಟೈರಿಗೆ 60 ಪೌಂಡು. ಗಟ್ಟಿ ನೆಲದಲ್ಲಿ ಇಷ್ಟರಿಂದಲೇ ವ್ಯತ್ಯಾಸ ತೊಡೆಗಳಿಗೆ ತಿಳಿಯುತ್ತದೆ. ಒಂದರಲ್ಲಿ ಗಂಟೆಗೆ 18 ಕಿಲೋಮೀಟರು, ಇನ್ನೊಂದರಲ್ಲಿ 15 ಎಂದಿಟ್ಟುಕೊಂಡರೆ ಧಾರವಾಡದ ದಾರಿಯಲ್ಲಿ 13 ನಿಮಿಷದ ಅಂತರ. ಹೋಗಿ ಬರುವಾಗ ಅದರ ಇಮ್ಮಡಿ.

ಧಾರವಾಡಕ್ಕೆ ಹೋಗುವಾಗ ಇನ್ನೂ ಎರಡು ಸಂಗತಿಗಳು ಸೇರುತ್ತವೆ. ಧಾರವಾಡ ಹುಬ್ಬಳ್ಳಿಗಿಂತ ಸುಮಾರು 100 ಮೀಟರು ಎತ್ತರದಲ್ಲಿದೆ. ಏರು ಎಲ್ಲಿಯೂ ಕಡಿದಲ್ಲ, ಬಸ್ಸಿನಲ್ಲಿ ಕುಳಿತವರಿಗೆ ತಿಳಿಯುವುದೂ ಇಲ್ಲ. ಸೈಕಲ್ಲಿನವನಿಗೆ ಮಾತ್ರ ತಿಳಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೇರೆ. ಧಾರವಾಡದತ್ತ ಮುಖ ಮಾಡಿದರೆ ಅದು ಎದೆಗೇ ಬೀಸುತ್ತದೆ. ಅಗಲವಾದ ಹ್ಯಾಂಡಲು ಹಿಡಿದು ತೋಳು ಚಾಚಿ ಕುಳಿತವನನ್ನು ಆ ಗಾಳಿ ಹಾಯಿಯಂತೆ ತಡೆಯುತ್ತದೆ. ಮರಳಿ ಬರುವಾಗ ಇಳಿಜಾರೂ ಗಾಳಿಯೂ ಕೂಡಿ ತಳ್ಳುವುದರಿಂದ ಯಾವ ಸೈಕಲ್ಲಾದರೂ ಒಳ್ಳೆಯದೆನಿಸುತ್ತದೆ. ಪರೀಕ್ಷೆಯ ಸವಾರಿಗೆ ಧಾರವಾಡದಿಂದ ಹುಬ್ಬಳ್ಳಿಯ ಕಡೆ ಹೊರಡುವವರು ಇದನ್ನು ನೆನಪಿಡುವುದು ಲೇಸು.

ಏರಿಗೆ ಮೌಂಟೇನ್ ಬೈಕಿನ ಸಣ್ಣ ಗೇರು ಹಗುರವಲ್ಲವೇ ಎಂದು ಕೇಳಬಹುದು. ನಿಜ, ಹಗುರ. ಲೆಕ್ಕ ಹೀಗಿದೆ. ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಎಷ್ಟು ಮುಂದೆ ಹೋಗುತ್ತದೆಂಬುದೇ ಗೇರಿನ ಅಳತೆ. ಮುಂದೆ 24, ಹಿಂದೆ 28 ಹಲ್ಲುಗಳಿರುವ ಮೌಂಟೇನ್ ಬೈಕು ಅತಿ ಹಗುರ ಗೇರಿನಲ್ಲಿ 1.8 ಮೀಟರು ಹೋಗುತ್ತದೆ. ಮುಂದೆ 28, ಹಿಂದೆ 28 ಹಲ್ಲಿನ ಹೈಬ್ರಿಡ್ಡು 2.2 ಮೀಟರು. ಅತಿ ಭಾರದ ಗೇರಿನಲ್ಲಿ ಮೊದಲಿನದು 6.2 ಮೀಟರು, ಎರಡನೆಯದು 7.4 ಮೀಟರು. ಹಾಗಾದರೆ ಜವಾರಿ ಸೈಕಲ್ಲು? ಮುಂದೆ 44, ಹಿಂದೆ 18 ಹಲ್ಲು, ಗೇರು ಒಂದೇ, ಸುತ್ತಿಗೆ ಸುಮಾರು 5.4 ಮೀಟರು. ಆ ಒಂದೇ ಗೇರಿನಲ್ಲಿ, ಕ್ಯಾರಿಯರಿನ ಮೇಲೆ ಹಿಟ್ಟಿನ ಡಬ್ಬಿ ಕಟ್ಟಿಕೊಂಡು, ಎರಡು ತಲೆಮಾರಿನ ಜನ ಧಾರವಾಡದ ಏರುಗಳನ್ನು ಹತ್ತಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯ ನಿಂತಿರುವ ದಿಬ್ಬಕ್ಕೆ ಹೋಗಲು 2.2 ಮೀಟರಿನ ಗೇರೇ ಸಾಲದು ಎನ್ನುವಂತಿಲ್ಲ.

ಸ್ಪ್ರಿಂಗಿನ ಕವೆಯ ವಿಷಯದಲ್ಲಿ ಅಂಗಡಿಯ ಹೊಳಪು ಹೆಚ್ಚು ಮೋಸ ಮಾಡುತ್ತದೆ. ಒಳ್ಳೆಯ ಸಸ್ಪೆನ್ಶನ್ ದುಬಾರಿಯಾದ ಯಂತ್ರ. ಹತ್ತು ಸಾವಿರದ ಸೈಕಲ್ಲಿಗೆ ಹಾಕಿರುವುದು ಉಕ್ಕಿನ ಕೊಳವೆಯೊಳಗೆ ಒಂದು ಸುರುಳಿ. ಅದರ ಮುಖ್ಯ ಗುಣ ತೂಕ. ಏರಿನಲ್ಲಿ ಎದ್ದು ನಿಂತು ತುಳಿದರೆ ಅರ್ಧ ಬಲ ಗಾಲಿಯನ್ನು ತಿರುಗಿಸುವುದರ ಬದಲು ಸ್ಪ್ರಿಂಗನ್ನು ಅದುಮುವುದಕ್ಕೆ ಹೋದಂತೆ ಭಾಸವಾಗುತ್ತದೆ. ಹಿಂದೆಯೂ ಸ್ಪ್ರಿಂಗಿದ್ದರಂತೂ ಸೈಕಲ್ಲು ಕುದುರೆಯಂತೆ ಕುಣಿಯುತ್ತದೆ, ಕುದುರೆಯಂತೆ ಓಡುವುದಿಲ್ಲ. ಇಂಥ ಸೈಕಲ್ಲು 17-18 ಕಿಲೋ ತೂಗುವುದು ಸಾಮಾನ್ಯ. ಸಾಧಾರಣ ಹೈಬ್ರಿಡ್ಡು 13-14 ಕಿಲೋ.

ಹಾಗೆಂದು ಹುಡುಗ ಹೇಳಿದ ತಗ್ಗುಗಳು ಸುಳ್ಳಲ್ಲ. ಮಳೆ ನೀರು ತುಂಬಿದ ತಗ್ಗಿನ ಆಳ ಯಾರಿಗೂ ಕಾಣುವುದಿಲ್ಲ. ಅದರೊಳಗೆ ಬಿದ್ದ ತೆಳುವಾದ ಟೈರು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. 28 ಮಿಲಿಮೀಟರು, 32 ಮಿಲಿಮೀಟರು ಟೈರಿನ ಹೈಬ್ರಿಡ್ಡನ್ನು ಈ ಊರುಗಳಿಗೆ ತಂದರೆ ಪಂಕ್ಚರಿನವನ ಪರಿಚಯ ಬೇಗ ಬೆಳೆಯುತ್ತದೆ. ಇದೇ ಹೈಬ್ರಿಡ್ಡುಗಳಲ್ಲಿ 38ರಿಂದ 42 ಮಿಲಿಮೀಟರು ಅಗಲದ ಟೈರಿನವೂ ಸಿಗುತ್ತವೆ. ತಗ್ಗಿನ ಪೆಟ್ಟನ್ನು ನುಂಗುವುದು ಈ ಅಗಲವೂ ಅದರೊಳಗಿನ ಗಾಳಿಯೂ. ಗಾಳಿ ತುಂಬಿದ ಟೈರಿಗಿಂತ ಹಗುರವಾದ ಸ್ಪ್ರಿಂಗನ್ನು 1888ರಲ್ಲಿ ಡನ್‌ಲಪ್ ಅದನ್ನು ಮಾಡಿದ ಮೇಲೆ ಯಾರೂ ಮಾಡಿಲ್ಲ. ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹೈಬ್ರಿಡ್ಡೋ ಮೌಂಟೇನೋ ಎಂಬುದಲ್ಲ. ಟೈರು ಎಷ್ಟು ಅಗಲ, ಅದಕ್ಕಿಂತ ಅಗಲವಾದದ್ದು ಆ ಫ್ರೇಮಿನಲ್ಲಿ ಹಿಡಿಸುತ್ತದೆಯೇ ಎಂಬುದು. ಅಳತೆ ಟೈರಿನ ಪಕ್ಕೆಯ ಮೇಲೆಯೇ ಅಚ್ಚಾಗಿರುತ್ತದೆ.

ಊರು ದಾಟಿದರೆ ವಿಷಯ ಬೇರೆ. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿಗಳ ಕಡೆ, ಕಣ್ಣು ಹಾಯುವವರೆಗೆ ಎರೆಭೂಮಿ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ, ಅಳ್ನಾವರಗಳ ಕಡೆ, ಕೆಂಪು ಮಸಾರಿ. ಅದರ ಆಚೆಗೆ ಕಾಡು. ಸೈಕಲ್ಲಿನ ಮಟ್ಟಿಗೆ ಇವು ಎರಡು ಬೇರೆ ದೇಶಗಳೆಂದರೂ ಸಲ್ಲುತ್ತದೆ.

ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹತ್ತಿಗೂ ಬಿಳಿಜೋಳಕ್ಕೂ ಕಡಲೆಗೂ ಅದು ತಾಯಿ. ಗಾಲಿಗೆ ಮಾತ್ರ ಶತ್ರು. ಒಂದು ಹದ ಮಳೆ ಬಿದ್ದ ಹೊಲದ ದಾರಿಯಲ್ಲಿ ಸೈಕಲ್ಲು ಹತ್ತು ಮಾರು ಹೋಗುವುದರೊಳಗೆ ಟೈರಿನ ಗುಬಟುಗಳ ನಡುವೆ ಮಣ್ಣು ತುಂಬುತ್ತದೆ. ಇಪ್ಪತ್ತು ಮಾರಿಗೆ ಟೈರಿನ ಮೇಲೆ ಇನ್ನೊಂದು ಮಣ್ಣಿನ ಟೈರು ಬೆಳೆಯುತ್ತದೆ. ಮೂವತ್ತು ಮಾರಿಗೆ ಅದು ಕವೆಯನ್ನೂ ಬ್ರೇಕನ್ನೂ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಸವಾರ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಆಗ 18 ಕಿಲೋದ ಮೌಂಟೇನ್ ಬೈಕಿಗೆ ಅದರಷ್ಟೇ ಮೊಂಡ ಮಣ್ಣು ಅಂಟಿರುತ್ತದೆ. 'ಮಳೆಗಾಲದ ಕೆಸರಿಗೆ ಮೌಂಟೇನ್ ಬೈಕೇ ಬೇಕು' ಎಂಬ ಮಾತನ್ನು ಬೇರೆ ಸೀಮೆಯಿಂದ ಎರವಲು ತಂದವರು ಎರೆಮಣ್ಣನ್ನು ಕಂಡಿಲ್ಲವೆನ್ನಬೇಕು. ಹಸಿ ಎರೆಯ ಮೇಲೆ ಯಾವ ಸೈಕಲ್ಲೂ ನಡೆಯದು. ಅಲ್ಲಿಯ ರೈತನೇ ಆಗ ಬಂಡಿ ಹೂಡುವುದಿಲ್ಲ. ಮಾಘ ಮಾಸದಲ್ಲಿ ಅದೇ ದಾರಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಿರುಕಿನೊಳಗೆ ತೆಳು ಟೈರು ಇಳಿದು ಸಿಕ್ಕಿಕೊಳ್ಳುತ್ತದೆ, ಅಗಲ ಟೈರು ದಾಟಿಹೋಗುತ್ತದೆ. ಅಲ್ಲಿಯೂ ಬೇಕಾದದ್ದು ಅಗಲ, ಗುಬಟಲ್ಲ.

ಮಸಾರಿಯ ಸೀಮೆ ಮೌಂಟೇನ್ ಬೈಕಿನ ನಿಜವಾದ ತವರು. ಮಳೆ ನಿಂತು ಒಂದು ತಾಸಿಗೆ ಅಲ್ಲಿಯ ದಾರಿ ನೀರು ಬಸಿದು ಹದಕ್ಕೆ ಬರುತ್ತದೆ. ಗರಸು, ಉರುಟು ಕಲ್ಲು, ಬೇರುಗಳು, ಸಣ್ಣ ಹಳ್ಳದ ಇಳುಕಲು, ಮರುಕ್ಷಣ ಏರು. ಇಲ್ಲಿ ಗುಬಟಿನ ಟೈರು ಮಣ್ಣು ಕಚ್ಚುವುದನ್ನೂ 1.8 ಮೀಟರಿನ ಗೇರು ಕೈ ಹಿಡಿಯುವುದನ್ನೂ ಕಂಡವನಿಗೆ ಟ್ಯಾಮಲ್‌ಪಾಯಸಿನ ತರುಣರ ಹುಚ್ಚು ಅರ್ಥವಾಗುತ್ತದೆ. ಹೈಬ್ರಿಡ್ಡಿನವನು ಇಲ್ಲಿ ಇಳಿದು ತಳ್ಳುತ್ತಾನೆ. ಆದರೆ ಕಾಡಿನ ದಾರಿಗಳು ಬಯಲಾಟದ ಅಂಗಳವಲ್ಲ; ದಾಂಡೇಲಿಯ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಸೈಕಲ್ಲು ನುಗ್ಗಿಸುವ ಹಾಗಿಲ್ಲ.

ಭಾನುವಾರಗಳನ್ನು ಇಂಥ ದಾರಿಗಳಲ್ಲಿ ಕಳೆಯುವ ಹುಡುಗನಿದ್ದರೆ ಅವನಿಗೆ ಮೌಂಟೇನ್ ಬೈಕನ್ನು ಧಾರಾಳವಾಗಿ ಕೊಡಿಸಬೇಕು. ಹಿಂದಿನ ಸ್ಪ್ರಿಂಗನ್ನು ಬಿಟ್ಟು, ಆ ಹಣವನ್ನು ಒಳ್ಳೆಯ ಬ್ರೇಕಿಗೂ ಗೇರಿಗೂ ಹಾಕಬೇಕು. ಈ ಭಾಗದ ಮಕ್ಕಳಿಗೆ ಸೈಕಲ್ಲು ಆಟವಷ್ಟೇ ಆಗಿ ಉಳಿದಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸವಾರರು ಬಂದಿದ್ದಾರೆ. 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದದ್ದು ನೆರೆಯ ಗದಗದಲ್ಲಿಯೇ. ಅಂಥ ಹುಡುಗನನ್ನು ಗುರುತಿಸುವುದೂ ಕಷ್ಟವಲ್ಲ. ಅವನು ಅಂಗಡಿಯಲ್ಲಿ ಬಣ್ಣ ನೋಡುವುದಿಲ್ಲ, ಬಗ್ಗಿ ಗೇರಿನ ಹಲ್ಲು ಎಣಿಸುತ್ತಾನೆ.

ಈಗಾಗಲೇ ಮೌಂಟೇನ್ ಬೈಕ್ ಕೊಂಡು ಮೆಟ್ಟಿಲ ಕೆಳಗೆ ಇಟ್ಟವರು ಅದನ್ನು ರದ್ದಿಗೆ ಹಾಕಬೇಕಾಗಿಲ್ಲ. 26 ಇಂಚಿನ ಗಾಲಿಗೆ ಒಂದೂಮುಕ್ಕಾಲು ಇಂಚು ಅಗಲದ ನುಣುಪು ಟೈರು ಸಿಗುತ್ತದೆ. ಗುಬಟಿನ ಟೈರು ತೆಗೆದು ಅದನ್ನು ಹಾಕಿ, ಸ್ಪ್ರಿಂಗನ್ನು ಬಿಗಿದು ನಿಲ್ಲಿಸುವ ಗುಂಡಿಯಿದ್ದರೆ ತಿರುಗಿಸಿದರೆ, ಸತ್ತ ಸೈಕಲ್ಲಿಗೆ ಅರ್ಧ ಜೀವ ಬರುತ್ತದೆ. 29 ಇಂಚಿನದೆಂದು ಕರೆಯುವ ಗಾಲಿಯ ರಿಮ್ಮೂ ಹೈಬ್ರಿಡ್ಡಿನ ರಿಮ್ಮೂ ವ್ಯಾಸದಲ್ಲಿ ಒಂದೇ, 622 ಮಿಲಿಮೀಟರು. ರಿಮ್ಮಿನ ಅಗಲಕ್ಕೆ ಒಪ್ಪಿದರೆ ಹೈಬ್ರಿಡ್ಡಿನ ಅಗಲ ಟೈರೇ ಅದಕ್ಕೂ ಹೊಂದುತ್ತದೆ.

ಈ ಇಬ್ಬರು ಹೊಸಬರಲ್ಲಿಯೂ ಇರುವ ಒಂದು ಕೊರತೆ ಜೂನ್ ತಿಂಗಳ ಮೊದಲ ಮಳೆಗೆ ಬಯಲಾಗುತ್ತದೆ. ಜವಾರಿ ಸೈಕಲ್ಲಿನೊಡನೆ ಹುಟ್ಟಿಬಂದಿದ್ದ ಮಡ್‌ಗಾರ್ಡು, ಕ್ಯಾರಿಯರು, ಚೈನಿನ ಮುಚ್ಚಳ, ಗಂಟೆ, ದೀಪ, ಇವೊಂದೂ ಬಹುಪಾಲು ಹೈಬ್ರಿಡ್ಡುಗಳಿಗೂ ಮೌಂಟೇನ್ ಬೈಕುಗಳಿಗೂ ಇರುವುದಿಲ್ಲ. ಮಡ್‌ಗಾರ್ಡಿಲ್ಲದ ಸೈಕಲ್ಲಿನಲ್ಲಿ ಧಾರವಾಡದ ಮಳೆಗೆ ಹೊರಟ ಹುಡುಗನ ಬಿಳಿಯ ಸಮವಸ್ತ್ರದ ಬೆನ್ನ ಮೇಲೆ, ಸೊಂಟದಿಂದ ಕುತ್ತಿಗೆಯವರೆಗೆ, ಕೆಂಪು ಮಣ್ಣಿನ ಒಂದು ಪಟ್ಟೆ ಮೂಡುತ್ತದೆ. ಅದನ್ನು ತಿಕ್ಕಿ ತೆಗೆಯುವ ಕೈಗಳು ಸೈಕಲ್ಲು ಆರಿಸುವಾಗ ಅಂಗಡಿಯಲ್ಲಿ ಇರಲಿಲ್ಲವೆಂಬುದು ವಿಷಾದದ ಸಂಗತಿ. ಹೈಬ್ರಿಡ್ಡಿನ ಫ್ರೇಮಿನಲ್ಲಿ ಮಡ್‌ಗಾರ್ಡಿಗೂ ಕ್ಯಾರಿಯರಿಗೂ ತಿರುಪಿನ ರಂಧ್ರಗಳು ಸಾಮಾನ್ಯವಾಗಿ ಇರುತ್ತವೆ, ಎಣಿಸಿ ನೋಡಿಕೊಳ್ಳಬೇಕು. ಸ್ಪ್ರಿಂಗಿನ ಕವೆಗೆ ಪೂರ್ತಿ ಮಡ್‌ಗಾರ್ಡು ಕೂಡಿಸುವುದು ತೊಡಕು. ಪುಸ್ತಕದ ಚೀಲವನ್ನು ಬೆನ್ನಿನಿಂದ ಇಳಿಸಿ ಕ್ಯಾರಿಯರಿಗೆ ಕಟ್ಟಿದರೆ ಹತ್ತು ಕಿಲೋಮೀಟರಿನ ಮೇಲೆ ಬೆನ್ನು ಎಷ್ಟು ಹಗುರವಾಗಿರುತ್ತದೆಂಬುದನ್ನು ಮಕ್ಕಳೇ ಹೇಳುತ್ತಾರೆ.

ಹುಡುಗಿಯರ ಸೈಕಲ್ಲಿಗೆ ಮುಚ್ಚಳದ ಮಾತು ಇನ್ನೂ ಮುಖ್ಯ. ಓಢಣಿಯ ಸೆರಗು ಚೈನಿಗೋ ಹಿಂಗಾಲಿಯ ಕಡ್ಡಿಗೋ ಸಿಕ್ಕಿದರೆ ಅಪಾಯ ಕ್ಷಣಮಾತ್ರದಲ್ಲಿ. ನಡುವಿನ ನಳಿಗೆ ತಗ್ಗಿಸಿದ ಹೈಬ್ರಿಡ್ಡುಗಳು ಸಿಗುತ್ತವೆ; ಅವನ್ನು 'ಲೇಡೀಸ್ ಸೈಕಲ್' ಎಂದು ಕರೆದು ಹಗುರ ಮಾಡುವುದು ಸರಿಯಲ್ಲ, ಧೋತರದ ಹಿರಿಯರಿಗೂ ಅವೇ ಅನುಕೂಲ. ಎಲ್ಲಕ್ಕೂ ಮಿಗಿಲಾಗಿ ಫ್ರೇಮಿನ ಅಳತೆ. 'ಬೆಳೆಯುವ ಹುಡುಗಿ, ದೊಡ್ಡದೇ ಇರಲಿ' ಎಂದು ಕೊಂಡ ಸೈಕಲ್ಲು ಅವಳು ಬೆಳೆಯುವುದರೊಳಗೆ ಅವಳಿಗೆ ಭಯ ಕಲಿಸಿರುತ್ತದೆ. ನಳಿಗೆಯ ಎರಡೂ ಕಡೆ ಕಾಲಿಟ್ಟು ನಿಂತಾಗ ಪಾದಗಳೆರಡೂ ಪೂರ್ತಿ ನೆಲಕ್ಕೆ ಊರಬೇಕು.

ಗಾಳಿಯ ಬಾಯಿಯ ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಜವಾರಿ ಟ್ಯೂಬಿನ ಬಾಯಿಗೆ ರಬ್ಬರಿನ ಸಣ್ಣ ವಾಲ್‌ಟ್ಯೂಬು. ಬೀದಿ ಬೀದಿಯಲ್ಲಿ ಅದರ ಪಂಪು. ಮೌಂಟೇನ್ ಬೈಕುಗಳಿಗೂ ಅನೇಕ ಹೈಬ್ರಿಡ್ಡುಗಳಿಗೂ ಮೋಟಾರಿನಂಥ ದಪ್ಪ ಬಾಯಿ. ಪೆಟ್ರೋಲ್ ಬಂಕಿನಲ್ಲಿಯೂ ಗಾಳಿ ಹಾಕಿಸಬಹುದು, ಅವಸರಕ್ಕೆ ಟ್ಯೂಬು ಒಡೆಯದಂತೆ ಎಚ್ಚರವಿದ್ದರಾಯಿತು. ಕೆಲವು ಹೈಬ್ರಿಡ್ಡುಗಳಿಗೆ ಮಾತ್ರ 'ಪ್ರೆಸ್ಟಾ' ಎಂಬ ಸಪೂರ ಬಾಯಿ. ಅದಕ್ಕೆ ಹೆಬ್ಬೆರಳ ಉಗುರಿನಷ್ಟು ಹಿತ್ತಾಳೆಯ ಒಂದು ಜೋಡಣೆ ಬೇಕು. ಅದಿಲ್ಲದಿದ್ದರೆ ಊರಿನ ಎಲ್ಲ ಪಂಪುಗಳ ನಡುವೆಯೂ ಸವಾರ ಗಾಳಿಯಿಲ್ಲದೆ ನಡೆದು ಮನೆಗೆ ಬರುತ್ತಾನೆ. ಕೊಳ್ಳುವಾಗಲೇ ಎರಡು ಕೇಳಿ ಪಡೆದು, ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿಡಬೇಕು.

ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಹದಿನೈದು ಸಾವಿರದ ಆಸುಪಾಸಿನ ಸೈಕಲ್ಲಿನಲ್ಲಿ ಇದರಿಂದ ಸುಮಾರು ಸಾವಿರ ರೂಪಾಯಿ ಉಳಿಯಬೇಕು. ಆ ಸಾವಿರವನ್ನು ಮಡ್‌ಗಾರ್ಡಿಗೂ, ಮುಂದೆ ಬಿಳಿ ಹಿಂದೆ ಕೆಂಪು ದೀಪಕ್ಕೂ ಎತ್ತಿಟ್ಟರೆ ಚೆನ್ನ. ಸಪ್ತಾಪುರದ ಕ್ಲಾಸು ಮುಗಿಸಿ ಮಕ್ಕಳು ಹೊರಬರುವುದು ಕತ್ತಲಾದ ಮೇಲೆ. ಹಾಗೆಯೇ, ಎಂಥ ದೀಪವಿದ್ದರೂ ಎಂಥ ಟೈರಿದ್ದರೂ ಎರಡೂ ಊರುಗಳನ್ನು ಬಳಸಿ ಹೋಗುವ ಬೈಪಾಸು ಮಕ್ಕಳ ಸೈಕಲ್ಲಿನ ದಾರಿಯಲ್ಲ. 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿಯ ಹತ್ತಿರ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಒದಗಿದ ದುರಂತ ಈ ಊರುಗಳ ನೆನಪಿನಿಂದ ಮಾಸಿಲ್ಲ. ಸೈಕಲ್ಲು ಕೈಗೆ ಕೊಡುವ ದಿನವೇ ಹೋಗಬಾರದ ದಾರಿಯ ಹೆಸರನ್ನೂ ಹೇಳಿಕೊಡಬೇಕು.

ಹಣ ಎಣಿಸುವ ಮೊದಲು ಅಂಗಡಿಯಲ್ಲಿಯೇ ಮಾಡಿ ನೋಡಬಹುದಾದ ಪರೀಕ್ಷೆಯೊಂದಿದೆ. ವಿದ್ಯಾನಗರದಲ್ಲಿಯಾಗಲಿ ಸಪ್ತಾಪುರದಲ್ಲಿಯಾಗಲಿ ಈಗ ಬಹಳ ಸಂಸಾರಗಳು ಇರುವುದು ಎರಡನೆಯ, ಮೂರನೆಯ ಮಹಡಿಗಳಲ್ಲಿ. ಲಿಫ್ಟಿನಲ್ಲಿ ಸೈಕಲ್ಲು ಹಿಡಿಸುವುದಿಲ್ಲ, ಕೆಳಗೆ ಬಿಟ್ಟರೆ ಬೆಳಗಿನವರೆಗೆ ಇರುವ ಭರವಸೆಯಿಲ್ಲ. ತುಳಿಯುವವರೇ, ಮಗನಾಗಲಿ ಮಗಳಾಗಲಿ, ಎರಡು ಸೈಕಲ್ಲುಗಳನ್ನೂ ಒಂದಾದ ಮೇಲೊಂದು ನಡುವಿನ ನಳಿಗೆ ಹಿಡಿದು ಎತ್ತಿ, ಅಂಗಡಿಯ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯಲಿ. ಅಂಗಡಿಯವರು ನಗಬಹುದು, ನಗಲಿ.